ಗೌನು ಹರಿದು ಬಳ್ಳಿ ಕಟ್ಟಿದ ಗ್ರೀಕ್ ಮೇಷ್ಟ್ರು

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ ಟಿಲ್‌ಫರ್ಡ್ ಎಂಬ ಹಳ್ಳಿ. 1885ರ ಸುಮಾರಿಗೆ ಅಲ್ಲಿನ ಪುಟ್ಟ ಮನೆಯೊಂದರ ಗೋಡೆಗೆ ಹಬ್ಬುತ್ತಿದ್ದ ಬಳ್ಳಿಗಳನ್ನು ಬಟ್ಟೆಯ ಪಟ್ಟಿಗಳಿಂದ ಎಳೆದು ಕಟ್ಟಿದ್ದರು. ಅವು ಹಳೆ ಸೀರೆಯ ಚಿಂದಿಯಲ್ಲ, ಪರದೆಯ ತುಂಡೂ ಅಲ್ಲ. ಸ್ವಲ್ಪ ದಿನದ ಹಿಂದಿನವರೆಗೆ ಈಟನ್ ಶಾಲೆಯ ಮೇಷ್ಟ್ರೊಬ್ಬರ ಹೆಗಲ ಮೇಲಿದ್ದ ಗೌನು. ಅವರ ಎತ್ತರದ ಟೋಪಿಗೂ ಹೊಸ ಕೆಲಸ ಸಿಕ್ಕಿತ್ತು: ಕುಂಬಳದ ಜಾತಿಯ ಎಳೆ ಗಿಡವೊಂದಕ್ಕೆ ನೆರಳು ಕೊಡುವುದು.

ಆ ಮೇಷ್ಟ್ರ ಹೆಸರು ಹೆನ್ರಿ ಸ್ಟೀಫನ್ಸ್ ಸಾಲ್ಟ್. ಹುಟ್ಟಿದ್ದು 1851ರ ಸೆಪ್ಟೆಂಬರ್ 20ರಂದು, ನಮ್ಮ ನೈನಿತಾಲ್‌ನಲ್ಲಿ. ತಂದೆ ಬಂಗಾಳದ ಫಿರಂಗಿ ದಳದಲ್ಲಿ ಸೇನಾಧಿಕಾರಿ. ಕೂಸಿಗೆ ವರ್ಷ ತುಂಬುವ ಹೊತ್ತಿಗೆ ತಾಯಿ ಅದನ್ನೆತ್ತಿಕೊಂಡು ಇಂಗ್ಲೆಂಡಿಗೆ ಮರಳಿದರು. ಹುಡುಗ ಈಟನ್‌ನಲ್ಲಿ ಓದಿದ, ಕೇಂಬ್ರಿಜ್‌ಗೆ ಹೋದ, ಗ್ರೀಕ್ ಭಾಷೆಯಲ್ಲಿ ಚುಟುಕ ಬರೆದು ಪದಕ ಗೆದ್ದ. 1875ರಲ್ಲಿ ತಾನು ಓದಿದ ಶಾಲೆಗೇ ಗ್ರೀಕ್, ಲ್ಯಾಟಿನ್ ಕಲಿಸಲು ಬಂದ. ಕೈತುಂಬ ಸಂಬಳ, ಮರ್ಯಾದೆಯ ಕೆಲಸ. ಮದುವೆಯಾದದ್ದೂ ಅಲ್ಲಿನ ಮೇಷ್ಟ್ರೊಬ್ಬರ ಮಗಳು ಕೇಟ್ ಜಾಯ್ನ್ಸ್‌ಳನ್ನು.

ಇಷ್ಟೆಲ್ಲ ಇದ್ದೂ ಅವರ ಮನಸ್ಸು ಅಲ್ಲಿ ನಿಲ್ಲಲಿಲ್ಲ. ತರಗತಿಯಲ್ಲಿ ಹೋಮರನ ಪಾಠ. ಹೊರಗೆ ಅದೇ ಹುಡುಗರು ಬೇಟೆನಾಯಿಗಳ ಹಿಂಡು ಬಿಟ್ಟು ಮೊಲ ಅಟ್ಟಿಸುವ ಆಟ. ಮೇಷ್ಟ್ರುಗಳ ಊಟದ ಮೇಜಿನ ತುಂಬ ಮಾಂಸ, ಅದನ್ನು ಬೇಯಿಸಿ ಬಡಿಸುವ ಆಳುಕಾಳು. ತಾವು ಕಲಿಸುವ ವಿದ್ಯೆಗೂ ತಾವು ಬದುಕುವ ರೀತಿಗೂ ತಾಳೆಯೇ ಇಲ್ಲವೆಂಬುದು ಸಾಲ್ಟ್‌ರನ್ನು ಕೊರೆಯಿತು. ಮಾಂಸ ಬಿಟ್ಟರು. 1884ರಲ್ಲಿ ಕೆಲಸವನ್ನೂ ಬಿಟ್ಟರು. ಟಿಲ್‌ಫರ್ಡ್‌ನಲ್ಲಿ ಆಳುಗಳನ್ನಿಟ್ಟುಕೊಳ್ಳದೆ ಗಂಡಹೆಂಡಿರೇ ಮನೆಗೆಲಸ ಮಾಡಿಕೊಂಡರು. ಗೆಳೆಯ ಬರ್ನಾರ್ಡ್ ಶಾ ಬಂದರೆ ಕೇಟ್ ಜೊತೆ ಕೂತು ಪಿಯಾನೊ ನುಡಿಸುತ್ತಿದ್ದರು.

ಪ್ರಾಣಿಗಳ ಮೇಲೆ ದಯೆ ತೋರಿ ಎಂದು ಹೇಳಿದವರು ಸಾಲ್ಟ್‌ಗಿಂತ ಮೊದಲೂ ಬೇಕಾದಷ್ಟು ಮಂದಿ ಇದ್ದರು. ಸಾಲ್ಟ್ ಓದಿಕೊಂಡಿದ್ದ ಗ್ರೀಕರಲ್ಲೇ ಪೈಥಾಗೊರಸ್, ಪ್ಲೂಟಾರ್ಕ್, ಪಾರ್ಫಿರಿ ಇದ್ದರು. 19ನೇ ಶತಮಾನದ ಮಧ್ಯದವರೆಗೂ ಇಂಗ್ಲೆಂಡಿನಲ್ಲಿ ಮಾಂಸವಿಲ್ಲದ ಊಟಕ್ಕೆ ಪೈಥಾಗೊರಸ್‌ನ ಹೆಸರೇ ಇತ್ತು. ಸಾಲ್ಟ್ ಒಂದು ಹೆಜ್ಜೆ ಮುಂದಿಟ್ಟರು. 1892ರಲ್ಲಿ ಬಂದ ಅವರ ಪುಸ್ತಕದ ಹೆಸರಿನಲ್ಲೇ ಅದು ಇತ್ತು: ‘ಅನಿಮಲ್ಸ್ ರೈಟ್ಸ್’, ಪ್ರಾಣಿಗಳ ಹಕ್ಕು. ದಯೆ ಕೊಡುವವನ ಮರ್ಜಿ. ಇವತ್ತು ಕೊಟ್ಟಾನು, ನಾಳೆ ಬಿಟ್ಟಾನು. ಹಕ್ಕಾದರೆ ಪಡೆಯುವವನದು. ಮನುಷ್ಯನಿಗೆ ಹಕ್ಕುಂಟು ಎನ್ನುವುದಾದರೆ ಪ್ರಾಣಿಗೂ ಉಂಟು, ಎರಡಕ್ಕೂ ಬೇರು ಒಂದೇ ಎಂಬುದು ಅವರ ವಾದ. 1975ರಲ್ಲಿ ‘ಅನಿಮಲ್ ಲಿಬರೇಷನ್’ ಬರೆದ ತತ್ವಜ್ಞಾನಿ ಪೀಟರ್ ಸಿಂಗರ್, ಮುಂದೆ ಈ ಪುಸ್ತಕದ ಮರುಮುದ್ರಣಕ್ಕೆ ಮುನ್ನುಡಿ ಬರೆದರು.

ಇದೇ ವಾದ 1895ರಲ್ಲಿ ರಂಗದ ರೂಪ ಪಡೆಯಿತು. ‘ಎ ಲವರ್ ಆಫ್ ಅನಿಮಲ್ಸ್’ ಒಂದೇ ಅಂಕದ ನಾಟಕ. ಅದರಲ್ಲೊಬ್ಬ ಹೆಂಗಸು. ಪ್ರಾಣಿಗಳೆಂದರೆ ಆಕೆಗೆ ಪಂಚಪ್ರಾಣ. ಜೀವಂತ ಪ್ರಾಣಿಗಳನ್ನು ಕೊಯ್ದು ಪ್ರಯೋಗ ಮಾಡುವವರನ್ನು ಕಂಡರೆ ಆಗದು. ಆದರೆ ಆಕೆಯ ತಟ್ಟೆಯಲ್ಲಿ ಮಾಂಸ, ಉಡುಪಿನಲ್ಲಿ ಕೊಂದ ಪ್ರಾಣಿಯ ತುಪ್ಪಳ. ಇದನ್ನು ಎತ್ತಿ ತೋರಿಸುವುದು ಪ್ರಯೋಗ ಮಾಡುವ ವೈದ್ಯನೇ! ಸಾಲ್ಟ್ ಎದುರಾಳಿಯ ಬಾಯಲ್ಲಿ ಗಟ್ಟಿ ಮಾತಿಟ್ಟಿದ್ದೇ ಈ ನಾಟಕದ ಹೆಚ್ಚುಗಾರಿಕೆ. ಪ್ರಾಣಿಪ್ರೀತಿ ಸಾಕಿದ ನಾಯಿಯ ಹತ್ತಿರವೇ ನಿಂತುಬಿಟ್ಟರೆ, ಕ್ರೌರ್ಯ ಮಾಡುವವನು ಅದನ್ನೇ ಗುರಾಣಿ ಮಾಡಿಕೊಳ್ಳುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ಬರವಣಿಗೆಗೆ ಜೊತೆಯಾಗಿ ಬೀದಿಯ ಕೆಲಸವೂ ನಡೆಯಿತು. 1891ರಲ್ಲಿ ಗೆಳೆಯರೊಡನೆ ಕಟ್ಟಿದ ಹ್ಯುಮ್ಯಾನಿಟೇರಿಯನ್ ಲೀಗ್ 1919ರವರೆಗೆ ಬಾಳಿತು. ಬೇಟೆ, ಟೋಪಿಗೆ ಗರಿ ಸಿಕ್ಕಿಸಲೆಂದು ಹಕ್ಕಿ ಕೊಲ್ಲುವುದು, ಶಾಲೆ ಮತ್ತು ಸೆರೆಮನೆಗಳ ಛಡಿಯೇಟು, ಗಲ್ಲು ಇವೆಲ್ಲವನ್ನೂ ಅದು ಒಂದೇ ಕಣ್ಣಿನಿಂದ ನೋಡಿತು. ಸಾಕಿದ ಜಿಂಕೆಯನ್ನು ಗಾಡಿಯಲ್ಲಿ ತಂದು ಬಿಟ್ಟು, ಹಿಂದೆ ನಾಯಿಗಳನ್ನು ಅಟ್ಟುವ ಅರಮನೆಯ ಬೇಟೆಪಡೆಯ ವಿರುದ್ಧ ಲೀಗ್ ವರ್ಷಗಟ್ಟಲೆ ಹೋರಾಡಿತು. 1901ರಲ್ಲಿ ಆ ಪಡೆ ರದ್ದಾಯಿತು. ಈಟನ್‌ನ ಮೊಲದ ಬೇಟೆ ಮಾತ್ರ ನಿಲ್ಲಲಿಲ್ಲ.

ಸಾಲ್ಟ್‌ರ ಬರಹ ಎಲ್ಲಿಗೆ ಮುಟ್ಟಿತು ಎಂಬುದಕ್ಕೆ ಲಂಡನ್‌ನ ಫ್ಯಾರಿಂಗ್‌ಡನ್ ಬೀದಿಯ ಸಸ್ಯಾಹಾರಿ ಹೋಟೆಲ್ ಸಾಕ್ಷಿ. 1888ರಲ್ಲಿ ಬ್ಯಾರಿಸ್ಟರ್ ಓದಲು ಹೋಗಿದ್ದ ಮೋಹನದಾಸ ಗಾಂಧಿ ಹಸಿದ ಹೊಟ್ಟೆಯಲ್ಲಿ ಅಲೆದಲೆದು ಆ ಹೋಟೆಲ್ ಕಂಡರು. ಬಾಗಿಲ ಬಳಿಯ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಲ್ಲಿ ಸಾಲ್ಟ್‌ರ ‘ಎ ಪ್ಲೀ ಫಾರ್ ವೆಜಿಟೇರಿಯನಿಸಂ’ ಇತ್ತು. ಒಂದು ಶಿಲ್ಲಿಂಗ್ ಕೊಟ್ಟು ಕೊಂಡು ಒಳಗೆ ಹೋಗಿ, ಆ ದೇಶಕ್ಕೆ ಬಂದ ಮೇಲೆ ಮೊದಲ ಬಾರಿ ಹೊಟ್ಟೆತುಂಬ ಉಂಡರು. ಅಲ್ಲಿಯವರೆಗೆ ಅವರು ಮಾಂಸ ಮುಟ್ಟದಿದ್ದದ್ದು ತಾಯಿಗೆ ಕೊಟ್ಟ ಮಾತಿಗಾಗಿ. ಭಾರತೀಯರೆಲ್ಲ ಮಾಂಸ ತಿಂದು ಗಟ್ಟಿಯಾಗಲಿ ಎಂಬ ಆಸೆ ಒಳಗೊಳಗೇ ಇತ್ತು. ಪುಸ್ತಕ ಓದಿ ಮುಗಿಸಿದ ಮೇಲೆ ಸಸ್ಯಾಹಾರ ಅವರ ಸ್ವಂತ ಆಯ್ಕೆಯಾಯಿತು. ಮುಂದೆ ಸಾಲ್ಟ್ ಬರೆದ, ಅಮೆರಿಕದ ಲೇಖಕ ಥೋರೋನ ಜೀವನಚರಿತ್ರೆಯನ್ನೂ ಓದಿದ್ದಾಗಿ ಗಾಂಧೀಜಿ 1929ರಲ್ಲಿ ಅವರಿಗೆ ಪತ್ರ ಬರೆದು ತಿಳಿಸಿದರು.

1931ರ ನವೆಂಬರ್ 20. ದುಂಡುಮೇಜಿನ ಸಭೆಗೆಂದು ಲಂಡನ್‌ನಲ್ಲಿದ್ದ ಗಾಂಧೀಜಿ ಅಲ್ಲಿನ ಸಸ್ಯಾಹಾರಿ ಸಂಘದಲ್ಲಿ ಮಾತಾಡಿದರು. ಬರೀ ಆರೋಗ್ಯಕ್ಕಾಗಿ ಮಾಂಸ ಬಿಟ್ಟವರು ಬಹಳ ಮಂದಿ ಮತ್ತೆ ಅದಕ್ಕೇ ಮರಳಿದ್ದಾರೆ, ನಿಲ್ಲಬೇಕಾದರೆ ನೀತಿಯ ಬುನಾದಿ ಬೇಕು ಎಂಬುದು ಆ ದಿನದ ಮಾತಿನ ಸಾರ. ಆ ಬುನಾದಿ ತಮಗೆ ಸಿಕ್ಕಿದ್ದು ಯಾರ ಪುಸ್ತಕದಿಂದ ಎಂದೂ ಹೇಳಿದರು. ವೇದಿಕೆಯ ಮೇಲೆ, ಅವರ ಬಲಗಡೆಯ ಕುರ್ಚಿಯಲ್ಲಿ, ಎಂಬತ್ತು ತುಂಬಿದ ಸಾಲ್ಟ್ ಕೂತಿದ್ದರು.