ಋತುನಿವೃತ್ತಿ ಮತ್ತು ಸ್ತ್ರೀಯರ ಆರೋಗ್ಯ

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ಹಳ್ಳಿಗಳಲ್ಲಿ ಮುಟ್ಟು ನಿಂತ ಮಾತನ್ನು ಹೆಣ್ಣುಮಕ್ಕಳು ತಮ್ಮತಮ್ಮೊಳಗೇ ಆಡಿಕೊಳ್ಳುವುದುಂಟೇ ಹೊರತು ಮನೆಯ ಗಂಡಸರ ಕಿವಿಗೆ ಅದು ಬೀಳುವುದು ವಿರಳ. ಪಂಚಸೂತಕಗಳಲ್ಲಿ ಒಂದಾದ ರಜಸ್ಸೂತಕವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ನಾಡಿನಲ್ಲಿ ಈ ಸಂಕೋಚ ಇಂದಿಗೂ ಉಳಿದಿರುವುದು ಸೋಜಿಗದ ಸಂಗತಿ. ಇದರಿಂದ ಆಗಿರುವ ಹಾನಿಯೂ ಅಲ್ಪವಲ್ಲ.

ಋತುನಿವೃತ್ತಿ ರೋಗವಲ್ಲ. ಹುಟ್ಟುವಾಗಲೇ ಅಂಡಾಶಯಗಳಲ್ಲಿ ಸಂಗ್ರಹವಾಗಿರುವ ಅಂಡಗಳು ತೀರುತ್ತ ಬಂದಂತೆ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಉತ್ಪತ್ತಿ ಕುಗ್ಗುತ್ತದೆ. ಮುಟ್ಟು ಮೊದಲು ಏರುಪೇರಾಗಿ, ಕ್ರಮೇಣ ನಿಂತುಹೋಗುತ್ತದೆ. ಸತತವಾಗಿ 12 ತಿಂಗಳು ಮುಟ್ಟು ಕಾಣದಿದ್ದರೆ ನಿವೃತ್ತಿಯಾಯಿತೆಂದು ವೈದ್ಯರು ಪರಿಗಣಿಸುತ್ತಾರೆ. ಇದು ಸಾಮಾನ್ಯವಾಗಿ 45ರಿಂದ 55 ವರ್ಷಗಳ ನಡುವೆ, ಭಾರತೀಯ ಸ್ತ್ರೀಯರಲ್ಲಿ ಸರಾಸರಿ 46-47ರ ಸುಮಾರಿಗೆ ಒದಗುತ್ತದೆ. ಎದೆಯಿಂದ ಮುಖಕ್ಕೆ ಏರುವ ಝಳ, ಬೆವರು, ನಿದ್ರಾಭಂಗ, ಕಾರಣವಿಲ್ಲದ ಸಿಡುಕು, ಮೂತ್ರದ ಉರಿ ಇವು ಕೆಲವರಿಗೆ ಹೆಚ್ಚು, ಕೆಲವರಿಗೆ ಕಡಿಮೆ. ಕಲ್ಲುಗಣಿಗಳ ಶಹಾಬಾದಿನಲ್ಲಿಯೂ ಸಿಮೆಂಟಿನ ವಾಡಿಯಲ್ಲಿಯೂ ಬೇಸಗೆಯ ತಾಪ 40 ಡಿಗ್ರಿ ದಾಟುವುದರಿಂದ ಈ ಝಳವನ್ನು ಬಿಸಿಲಿನದೆಂದೇ ಬಗೆಯುವುದು ಸಹಜ. ಆದರೆ ಬೆಳಗಿನ ಜಾವದ ತಂಪಿನಲ್ಲಿಯೂ ಬೆವತು ಎಚ್ಚರವಾಗುವುದಾದರೆ ಅದು ಬಿಸಿಲಿನ ಕೆಲಸವಲ್ಲ.

ಈ ಜಿಲ್ಲೆಯಲ್ಲಿ ವಿಷಯವು ಗಂಭೀರವಾಗಿರುವುದು ಬೇರೊಂದು ಕಾರಣದಿಂದ. ತಾಂಡಾಗಳ ಲಂಬಾಣಿ ಸ್ತ್ರೀಯರೂ ದಲಿತ ಸ್ತ್ರೀಯರೂ ದೊಡ್ಡ ಸಂಖ್ಯೆಯಲ್ಲಿ, ಅನೇಕರು 35 ತುಂಬುವ ಮೊದಲೇ, ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದ ಸಂಗತಿ 2015ರಲ್ಲಿ ಬಯಲಾಗಿ, ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಬಿಳಿಸೆರಗು, ಹೊಟ್ಟೆನೋವು, ಅಧಿಕ ಸ್ರಾವದಂಥ ದೂರುಗಳನ್ನು ಹೊತ್ತು ಬಂದವರು ಕ್ಯಾನ್ಸರಿನ ಭಯದಿಂದ ಒಪ್ಪಿಗೆ ಕೊಟ್ಟಿದ್ದರು. ಮಕ್ಕಳಾದ ಮೇಲೆ ಗರ್ಭಚೀಲದಿಂದೇನು ಪ್ರಯೋಜನ ಎಂಬ ಮಾತು ಕೇಳಲು ಸರಳ, ಪರಿಣಾಮ ಸರಳವಲ್ಲ. ಅಂಡಾಶಯಗಳನ್ನೂ ಕೂಡಿಯೇ ತೆಗೆದರೆ ಹತ್ತು-ಹದಿನೈದು ವರ್ಷಗಳ ಬಳಿಕ ಬರಬೇಕಾದ ಋತುನಿವೃತ್ತಿ ಒಂದೇ ದಿನದಲ್ಲಿ ಬಂದೆರಗುತ್ತದೆ. ಅವನ್ನು ಉಳಿಸಿದರೂ ಅದು ಕೆಲವು ವರ್ಷ ಮುಂಚಿತವಾಗಿ ಬರುವ ಸಂಭವವುಂಟು. ಎಲುಬು ಸವೆಯುವುದೂ ಹೃದ್ರೋಗದ ಭಯವೂ ಅಷ್ಟು ಬೇಗ ಆರಂಭವಾಗುತ್ತವೆ. ದಿನಗೂಲಿಯಿಂದಲೇ ಬದುಕುವ ಹೆಣ್ಣುಮಗಳಿಗೆ ಬೆನ್ನಿನ ಶಕ್ತಿಯೇ ಆಸ್ತಿಯಲ್ಲವೇ?

ಶಸ್ತ್ರಚಿಕಿತ್ಸೆಯೇ ತಪ್ಪೆಂದಲ್ಲ, ಕ್ಯಾನ್ಸರ್, ದೊಡ್ಡ ಗಡ್ಡೆ, ಔಷಧಕ್ಕೆ ಜಗ್ಗದ ರಕ್ತಸ್ರಾವಗಳಲ್ಲಿ ಅದು ಪ್ರಾಣ ಉಳಿಸುತ್ತದೆ. ಆದರೆ ಅದು ಕೊನೆಯ ಮೆಟ್ಟಿಲಾಗಬೇಕು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೆ ತರುವಂತೆ ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಒಪ್ಪಿಗೆ ಕೊಡುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು, ಅಂಡಾಶಯ ಉಳಿಸುವರೇ ಎಂದು ವಿಚಾರಿಸುವುದು ವಿಹಿತ. ಈಗಾಗಲೇ ಅಕಾಲದಲ್ಲಿ ಅಂಡಾಶಯ ಕಳೆದುಕೊಂಡವರು ಸುಮ್ಮನೆ ಕೂಡಬಾರದು. ಅಡ್ಡಿಯಾಗುವ ಬೇರೆ ಕಾಯಿಲೆ ಇಲ್ಲದಿದ್ದಲ್ಲಿ ಸಹಜ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆಯನ್ನು ತಜ್ಞರು ಸಲಹೆ ಮಾಡುತ್ತಾರೆ.

ಆಹಾರದ ವಿಷಯದಲ್ಲಿ ದೂರ ಹುಡುಕಬೇಕಿಲ್ಲ. ಜೋಳದ ರೊಟ್ಟಿ, ತೊಗರಿಬೇಳೆ ಬಲ ಕೊಡುವ ಆಹಾರವಾದರೂ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಅವುಗಳಲ್ಲಿ ಸಾಕಷ್ಟಿಲ್ಲ. ಸಂಕ್ರಾಂತಿಯ ವೇಳೆ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳಿನಲ್ಲಿ ಅದು ಹೇರಳವಾಗಿದೆ; ವರ್ಷಕ್ಕೊಮ್ಮೆ ತಿಂದು ಮರೆಯುವ ಪದಾರ್ಥ ಅದಲ್ಲ. ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು ಕೂಡ ಒಳ್ಳೆಯವು. ತಂಬಾಕು ಎಲುಬಿಗೂ ಹೃದಯಕ್ಕೂ ಶತ್ರು. ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಝಳ ತೀರ ಬಾಧಿಸಿದರೆ ಔಷಧಗಳಿವೆ. ಆದರೆ ಸ್ತನದ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಹಾರ್ಮೋನು ಗುಳಿಗೆ ಸಲ್ಲದು. ಅಂಗಡಿಯಿಂದ ತಾವೇ ತಂದು ನುಂಗುವುದಂತೂ ಅಪಾಯ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದು ಹನಿಯೇ ಆಗಲಿ, ಅದನ್ನು 'ಮುಟ್ಟು ಮರಳಿತು' ಎಂದು ತಿಳಿಯದೆ ಆ ವಾರದೊಳಗೆ ವೈದ್ಯರಿಗೆ ತೋರಿಸಬೇಕು. ಗರ್ಭಕೋಶದ ಕ್ಯಾನ್ಸರ್ ಹಲವು ಬಾರಿ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ, ಆ ಹಂತದಲ್ಲಿ ಅದು ಬಹುಮಟ್ಟಿಗೆ ಗುಣವಾಗುವಂಥದು.