ಪಡೆದು ಒಪ್ಪಿಸುವುದು: ಎಲ್ಚೆಯ ಖರ್ಜೂರದ ತೋಪು, ಕರ್ಕಿಯ ಬಯಲಾಟ

ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ, ಪ್ರಭುವಿನ ಭೋಜನವನ್ನು ಕುರಿತು ಹೇಳುವಾಗ, ಒಂದೇ ಗ್ರೀಕ್ ಕ್ರಿಯಾಪದವನ್ನು ಒಂದೇ ವಚನದಲ್ಲಿ ಎರಡು ಸಲ ಬಳಸುತ್ತಾನೆ. ತಾನು ಪಡೆದದ್ದನ್ನು ಸಭೆಗೆ ಒಪ್ಪಿಸಿದೆನೆನ್ನುವಲ್ಲಿಯೂ ಯೇಸುವನ್ನು ಹಿಡಿದುಕೊಟ್ಟ ರಾತ್ರಿಯನ್ನು ನೆನೆಯುವಲ್ಲಿಯೂ ಇರುವುದು ‘ಪಾರಾದಿದೋಮಿ’ ಎಂಬ ಪದವೇ. ಪರಂಪರೆ ಎಂಬ ಅರ್ಥದ ‘ಪಾರಾದೋಸಿಸ್’ ಇದರಿಂದಲೇ ಹುಟ್ಟಿದೆ. ಹಾಗಾದರೆ ದಾಟಿಸುವ ಕ್ರಿಯೆ ನಿಷ್ಠೆಯಾಗಬಹುದು, ದ್ರೋಹವೂ ಆಗಬಹುದು. ಪೋಪ್ ಫ್ರಾನ್ಸಿಸರು 2015ರ ‘ಲಾವ್‌ದಾತೊ ಸಿ’ ವಿಶ್ವಪತ್ರದ 143ನೆಯ ಪರಿಚ್ಛೇದದಲ್ಲಿ, ನಿಸರ್ಗದ ಆಸ್ತಿಯಂತೆಯೇ ಇತಿಹಾಸ, ಕಲೆ ಮತ್ತು ಸಂಸ್ಕೃತಿಯ ಆಸ್ತಿಯೂ ಅಪಾಯದಲ್ಲಿದೆ ಎಂದು ತಿಳಿಸುತ್ತಾರೆ. ಈ ಎರಡು ಆಸ್ತಿಗಳು ಹೇಗೆ ಹೆಣೆದುಕೊಂಡಿವೆ, ಅವುಗಳ ಮುಂದೆ ಧರ್ಮಸಭೆಯ ಸ್ಥಾನವೇನು ಎಂಬುದನ್ನು ಸ್ಪೇನಿನ ಒಂದು ಊರನ್ನೂ ನಮ್ಮ ಕರಾವಳಿಯ ಒಂದು ಊರನ್ನೂ ಎದುರುಬದುರಾಗಿಟ್ಟು ನೋಡೋಣ.

ಎಲ್ಚೆ

ಆಗ್ನೇಯ ಸ್ಪೇನಿನ ಎಲ್ಚೆ ನಗರದಲ್ಲಿ ಸುಮಾರು ಎರಡು ಲಕ್ಷ ಖರ್ಜೂರದ ಮರಗಳಿವೆ. ಒಣನೆಲಕ್ಕೆ ಕಾಲುವೆಗಳಿಂದ ನೀರು ಹಾಯಿಸಿ ಈ ತೋಪನ್ನು ರೂಪಿಸಿದವರು ಹತ್ತನೆಯ ಶತಮಾನದ ಅರಬ್ ಕೃಷಿಕರು. ಹದಿಮೂರನೆಯ ಶತಮಾನದಲ್ಲಿ ನಗರವು ಕ್ರೈಸ್ತ ಅರಸರ ಕೈಸೇರಿದರೂ ತೋಪು ಉಳಿಯಿತು, ನೀರಿನ ಹಂಚಿಕೆಯ ವ್ಯವಸ್ಥೆಯೂ ಉಳಿಯಿತು. ಅಲ್ಲಿ ಎಳೆಯ ಗರಿಗಳನ್ನು ಬಿಸಿಲು ತಾಗದಂತೆ ಕಟ್ಟಿ ಬೆಳ್ಳಗಾಗಿಸಿ, ಹೆಣೆದು, ಗರಿಗಳ ಭಾನುವಾರದ ಮೆರವಣಿಗೆಗೆ ಬಳಸುತ್ತಾರೆ. ಮುಸಲ್ಮಾನರು ನೆಟ್ಟು ಬೆಳೆಸಿದ ತೋಪಿನ ಗರಿಯನ್ನು ಹಿಡಿದು ಕ್ರೈಸ್ತರು ಹೊಸನ್ನ ಹಾಡುತ್ತಾ ಬಂದಿದ್ದಾರೆ.

ಅದೇ ಊರಿನ ಸಂತ ಮರಿಯ ಮಹಾದೇವಾಲಯದಲ್ಲಿ ಆಗಸ್ಟ್ 14 ಮತ್ತು 15ರಂದು, ಮಾತೆ ಮರಿಯಳ ಸ್ವರ್ಗಸ್ವೀಕಾರವನ್ನು ಕುರಿತ ಗೀತನಾಟಕ ನಡೆಯುತ್ತದೆ. ಇದರ ಭಾಷೆ ಬಹುಪಾಲು ಹಳೆಯ ವೆಲೆನ್ಸಿಯನ್, ಅಂದರೆ ಕ್ಯಾಟಲಾನ್ ಭಾಷೆಯ ಒಂದು ರೂಪ. ಗುಮ್ಮಟದಿಂದ ಇಳಿದುಬರುವ ದೇವದೂತನು ಮರಿಯಳ ಕೈಗೆ ಕೊಡುವುದೂ ಖರ್ಜೂರದ ಗರಿಯನ್ನೇ. ಮರಿಯಳ ಪಾತ್ರವನ್ನು ಹಾಡುವವರು ಬಾಲಕರು. ಟ್ರೆಂಟ್ ಮಹಾಸಭೆಯ ನಂತರದ ಕಾಲದಲ್ಲಿ ದೇವಾಲಯದೊಳಗಿನ ನಾಟಕಗಳು ನಿರ್ಬಂಧಕ್ಕೊಳಗಾದವು. ಎಲ್ಚೆಯ ನಾಟಕಕ್ಕೆ ಮಾತ್ರ 1632ರಲ್ಲಿ ಪೋಪ್ ಎಂಟನೆಯ ಉರ್ಬಾನರು ವಿಶೇಷ ಅನುಮತಿ ನೀಡಿದರು. ತೋಪು 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರುವರ್ಷ ನಾಟಕವೂ ಯುನೆಸ್ಕೊದ ಮನ್ನಣೆ ಪಡೆಯಿತು.

ಆ ತೋಪಿಗೆ ಇಂದು ಬಂದಿರುವ ಕಂಟಕ ನಮಗೆ ಅಪರಿಚಿತವಲ್ಲ. ನಮ್ಮ ತೆಂಗಿನ ಸುಳಿಯನ್ನು ಕೊರೆಯುವ ಕೆಂಪು ಮೂತಿ ಹುಳುವು ಹೊರಗಿನಿಂದ ತರಿಸಿದ ಮರಗಳೊಡನೆ 1990ರ ದಶಕದಲ್ಲಿ ಸ್ಪೇನನ್ನು ಮುಟ್ಟಿತು. ಮುಂದೆ ಎಲ್ಚೆಯನ್ನೂ ಹೊಕ್ಕಿತು. ಕೈಯಿಂದ ಕೈಗೆ ದಾಟುವುದು ಒಳಿತೊಂದೇ ಅಲ್ಲ.

ಕರ್ಕಿ

ಹೊನ್ನಾವರದ ಉತ್ತರಕ್ಕೆ, ಹೆದ್ದಾರಿಯ ಬದಿಯಲ್ಲಿರುವ ಕರ್ಕಿ ಯಕ್ಷಗಾನದ ಹಾಸ್ಯಗಾರ ಮನೆತನದಿಂದ ಹೆಸರಾದ ಊರು. 1842ರಲ್ಲಿ ಕನ್ನಡದ ಭಾಗವತ ಮೇಳವೊಂದು ಸಾಂಗ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದು ಕರ್ಕಿಯ ಮೇಳವೆಂದು ರಂಗಭೂಮಿಯ ಇತಿಹಾಸಕಾರರು ಗುರುತಿಸುತ್ತಾರೆ. ಆ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು, ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ಕರ್ಕಿಯವರು ಕೊಟ್ಟರು, ಸಾಂಗ್ಲಿಯವರು ತಮ್ಮ ಭಾಷೆಯಲ್ಲಿ ಪಡೆದರು. ಇದರಿಂದ ಕರ್ಕಿಗೆ ಏನೂ ಕಡಿಮೆಯಾಗಲಿಲ್ಲ.

ಬಯಲಾಟಕ್ಕೆ ಬಯಲು ಬೇಕು. ಕೊಯ್ಲು ಮುಗಿದ ಗದ್ದೆಯೇ ಅದರ ರಂಗಸ್ಥಳ. ಈ ಕರಾವಳಿಯ ನದೀಮುಖಗಳಲ್ಲಿರುವ ಗಜನಿ ಭೂಮಿ ಉಪ್ಪುನೀರು ಏರಿಳಿಯುವ ನೆಲ. ಕುಮಟಾ ತಾಲೂಕಿನ ಮಾಣಿಕಟ್ಟದ ಸುತ್ತಿನಲ್ಲಿ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತವನ್ನು ಗೊಬ್ಬರವಿಲ್ಲದೆ ಬೆಳೆದು, ಕೊಯ್ಲಿನ ನಂತರ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುವ ಪದ್ಧತಿಯಿದೆ. ಒಡ್ಡು ಒಡೆದಲ್ಲಿ, ಗದ್ದೆಯು ವರ್ಷವಿಡೀ ಸಿಗಡಿಯ ಹೊಂಡವಾದಲ್ಲಿ ಕಗ್ಗ ಕಾಣೆಯಾಗುತ್ತದೆ. ಅದನ್ನು ಬೆಳೆಯುವ ತಿಳಿವಳಿಕೆಯೂ ಒಂದು ತಲೆಮಾರಿನಲ್ಲಿ ಅಳಿಯುತ್ತದೆ. ಅಘನಾಶಿನಿಯ ನದೀಮುಖವು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿರುವುದು ಸಂತೋಷದ ವಿಷಯ. ಆದರೆ ಪಟ್ಟಿಯು ಒಡ್ಡು ಕಟ್ಟುವುದಿಲ್ಲ, ಕಟ್ಟಬೇಕಾದವರು ಊರಿನವರೇ.

ನಮ್ಮ ಪಾಲು

ಯಕ್ಷಗಾನವನ್ನು ಸುವಾರ್ತೆಯ ವಾಹನವಾಗಿ ಬಳಸಬೇಕೆಂಬ ಸಲಹೆಯನ್ನು ನಾವು ಆಗಾಗ್ಗೆ ಕೇಳುತ್ತೇವೆ. ಬೈಬಲಿನ ಕಥೆಗಳ ಮೇಲೆ ಪ್ರಸಂಗಗಳೂ ರಚಿತವಾಗಿವೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪೌಲನ ಮಾತಿನ ಕ್ರಮವನ್ನು ಗಮನಿಸಬೇಕು: ಮೊದಲು ಪಡೆದೆನೆನ್ನುತ್ತಾನೆ, ಆಮೇಲೆ ಒಪ್ಪಿಸಿದೆನೆನ್ನುತ್ತಾನೆ. ಚೆಂಡೆ ಮದ್ದಳೆಗಳ ಎದುರು ಒಂದು ರಾತ್ರಿಯೂ ಕೂರದವನು, ಭಾಗವತನ ಬಳಿ ಒಂದು ತಾಳವನ್ನೂ ಕಲಿಯದವನು ಆ ಕಲೆಯ ಉಡುಗೆಯನ್ನು ಮಾತ್ರ ತೆಗೆದುಕೊಂಡರೆ, ಅದು ಪಡೆಯುವುದಲ್ಲ, ಕಸಿಯುವುದು. ಎಲ್ಚೆಯ ಕ್ರೈಸ್ತರು ಗರಿಯನ್ನು ಪಡೆದರು, ಜೊತೆಗೆ ಕಾಲುವೆಯನ್ನೂ ಕಾಪಾಡಿದರು. ಗರಿ ಬೇಕಾದವನಿಗೆ ಕಾಲುವೆಯ ಹೊಣೆಯೂ ಉಂಟು.

ಆದುದರಿಂದ ಕರಾವಳಿಯ ಸಭೆಗಳಲ್ಲಿ ಸೇವೆಗೆ ಹೋಗುವ ಗುರುಗಳು ಮೊದಲು ಊರಿನ ಶಿಷ್ಯರಾಗಲಿ. ಗಜನಿಯ ಪಾಲುಳ್ಳ ಭಕ್ತರು ಒಡ್ಡಿನ ಕೆಲಸಕ್ಕೆ ನೆರೆಯವರೊಡನೆ ಕೈಜೋಡಿಸುವಾಗ, ಗುರುವೂ ಅಲ್ಲಿರಲಿ. ಆಟದ ರಾತ್ರಿ ಚೌಕಿಗೆ ಹೋಗಿ ಕಲಾವಿದರನ್ನು ಮಾತನಾಡಿಸಲಿ. ಬಲಿಪೀಠದ ಮೇಲೆ ನಾವು ಅರ್ಪಿಸುವ ರೊಟ್ಟಿಯು ಭೂಮಿಯ ಫಲವೂ ಮಾನವ ಶ್ರಮದ ಫಲವೂ ಆಗಿದೆಯೆಂದು ಪ್ರತಿದಿನ ಹೇಳುವವರು ನಾವು. ಆ ಭೂಮಿ ಯಾವುದು, ಆ ಶ್ರಮ ಯಾರದು ಎಂದು ಕೇಳದಿದ್ದರೆ, ನಾವು ಒಪ್ಪಿಸುತ್ತಿದ್ದೇವೆಯೋ ಹಿಡಿದುಕೊಡುತ್ತಿದ್ದೇವೆಯೋ ಎಂಬುದು ನಮಗೇ ತಿಳಿಯಲಾರದು.