ನಗರಸಭೆಯೇ ಮನೆ ಮಾಲೀಕ: ವಿಯೆನ್ನಾದ ಬಾಡಿಗೆ ಮನೆಗಳ ಕಥೆ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಯು4 ಮೆಟ್ರೊ ಹತ್ತಿ ಕೊನೆಯ ನಿಲ್ದಾಣ ಹೈಲಿಗೆನ್‌ಸ್ಟಾಟ್‌ನಲ್ಲಿ ಇಳಿದರೆ ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್. ಈ ತುದಿಯಿಂದ ಆ ತುದಿಗೆ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ. ಎತ್ತರದ ಕಮಾನುಗಳನ್ನೂ ಬಾವುಟದ ಕಂಬ ಹೊತ್ತ ಗೋಪುರಗಳನ್ನೂ ಕಂಡು ಹೊಸಬರು ಯಾರದೋ ಅರಮನೆ ಎಂದುಕೊಳ್ಳಬಹುದು. ಇದು ನಗರಾಡಳಿತ ಕಾರ್ಮಿಕರಿಗಾಗಿ ಕಟ್ಟಿಸಿ 1930ರಲ್ಲಿ ಉದ್ಘಾಟಿಸಿದ ಬಾಡಿಗೆ ಮನೆಗಳ ಸಮುಚ್ಚಯ.

ಅದಕ್ಕೂ ಮೊದಲು ಈ ಊರಿನ ಬಡವರ ವಸತಿ ಹೇಳತೀರದಷ್ಟು ಕೆಟ್ಟಿತ್ತು. ನಮ್ಮ ಹಳೆಯ ವಠಾರಗಳಂತೆ ಇಡೀ ಮಹಡಿಗೆ ಒಂದೇ ನಲ್ಲಿ, ಹೊರಗೆಲ್ಲೋ ಕಕ್ಕಸು. ಬಾಡಿಗೆ ಹೊಂದಿಸಲಾಗದ ಕುಟುಂಬಗಳು ಹಾಸಿಗೆಯನ್ನೂ ಬಾಡಿಗೆಗೆ ಕೊಡುತ್ತಿದ್ದವು. ರಾತ್ರಿ ಪಾಳಿ ಮುಗಿಸಿದವರು ಹಗಲು ಬಂದು ಮಲಗಿ ಹೋಗುತ್ತಿದ್ದರು. ಕ್ಷಯರೋಗಕ್ಕೆ ‘ವಿಯೆನ್ನಾ ಕಾಯಿಲೆ’ ಎಂದೇ ಹೆಸರು ಬಿದ್ದಿತ್ತು.

1919ರಲ್ಲಿ ಸೋಷಿಯಲ್ ಡೆಮಾಕ್ರಟ್ ಪಕ್ಷ ನಗರದ ಅಧಿಕಾರ ಹಿಡಿಯಿತು. 1922ರಲ್ಲಿ ವಿಯೆನ್ನಾ ಪ್ರತ್ಯೇಕ ರಾಜ್ಯವಾಗಿ, ಸ್ವಂತ ತೆರಿಗೆ ಹಾಕುವ ಬಲ ಪಡೆಯಿತು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೋ ಬ್ರೈಟ್ನರ್ ಮರುವರ್ಷವೇ ವಸತಿ ತೆರಿಗೆ ತಂದರು. ಕೂಲಿಕಾರರ ಮನೆಗೆ ಅದು ನಾಮಮಾತ್ರ, ದುಬಾರಿ ಆಸ್ತಿಗೆ ಬಹಳ ಭಾರ. ಷಾಂಪೇನ್, ಕಾರು, ಮನೆಗೆಲಸದ ಆಳುಗಳ ಮೇಲೂ ತೆರಿಗೆ ಬಿತ್ತು. ಮೊದಲ ಮಹಾಯುದ್ಧಕಾಲದ ಕಾನೂನು ಬಾಡಿಗೆ ಏರದಂತೆ ಹಿಡಿದಿಟ್ಟಿದ್ದರಿಂದ ಖಾಸಗಿಯವರಿಗೆ ಮನೆ ಕಟ್ಟುವುದರಲ್ಲಿ ಲಾಭ ಉಳಿದಿರಲಿಲ್ಲ. ನಿವೇಶನದ ಬೆಲೆ ಕುಸಿದಿತ್ತು. ನಗರ ಅದನ್ನೇ ಅಗ್ಗಕ್ಕೆ ಕೊಂಡು, ಸಾಲಕ್ಕಿಂತ ಹೆಚ್ಚಾಗಿ ತೆರಿಗೆ ಹಣದಲ್ಲೇ ಕಟ್ಟಿತು. ಬಡ್ಡಿಯ ಹೊರೆ ಅಷ್ಟಾಗಿ ಇರಲಿಲ್ಲ; ಬಾಡಿಗೆ ರಿಪೇರಿ, ನಿರ್ವಹಣೆಗೆ ಆದರೆ ಸಾಕಾಗಿತ್ತು.

1934ರೊಳಗೆ ಹೀಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಕಾರ್ಲ್ ಏನ್ ವಿನ್ಯಾಸ ಮಾಡಿದ ಕಾರ್ಲ್ ಮಾರ್ಕ್ಸ್ ಹೋಫ್‌ನಲ್ಲಿ ಸುಮಾರು 1,400 ಮನೆಗಳಿದ್ದವು. ಆದರೂ ಕಟ್ಟಡ ನಿಂತದ್ದು ನಿವೇಶನದ ಐದನೇ ಒಂದಕ್ಕಿಂತ ಕಡಿಮೆ ಜಾಗದಲ್ಲಿ. ಉಳಿದದ್ದೆಲ್ಲ ಅಂಗಳ, ತೋಟ. ಮನೆಗಳು ಚಿಕ್ಕವೇ, ಆದರೆ ನಲ್ಲಿ, ಶೌಚಾಲಯ ಒಳಗೇ ಬಂದವು. ಬಟ್ಟೆ ಒಗೆಯುವ ಯಂತ್ರಶಾಲೆ, ಸ್ನಾನಗೃಹ, ಶಿಶುವಿಹಾರ, ಗ್ರಂಥಾಲಯ, ದವಾಖಾನೆ ಆವರಣದಲ್ಲೇ ಇದ್ದವು. 1934ರ ಫೆಬ್ರುವರಿಯ ಅಂತರ್ಯುದ್ಧದಲ್ಲಿ ಕೇಂದ್ರ ಸರ್ಕಾರದ ಪಡೆಗಳು ಇದೇ ಕಟ್ಟಡದ ಮೇಲೆ ಫಿರಂಗಿ ಹಾರಿಸಿದವು. ಸೋಷಿಯಲ್ ಡೆಮಾಕ್ರಟರ ಆಡಳಿತ ಹೋಯಿತು, ಮನೆಗಳು ಉಳಿದವು. ಎರಡನೆಯ ಮಹಾಯುದ್ಧದ ನಂತರ ನಗರ ಮತ್ತೆ ಕಟ್ಟತೊಡಗಿತು.

ಇಂದು ಸುಮಾರು 20 ಲಕ್ಷ ಜನರ ಈ ನಗರದ ಕೈಯಲ್ಲಿ 2.2 ಲಕ್ಷದಷ್ಟು ಸ್ವಂತ ಮನೆಗಳಿವೆ. ಲಾಭಕ್ಕೆ ಮಿತಿಯಿರುವ ವಸತಿ ಸಂಘಗಳ ಮನೆಗಳು ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿದರೆ ಊರಿನ ಸುಮಾರು ಅರ್ಧದಷ್ಟು ಜನಕ್ಕೆ ಸೂರು. ಸಂಬಳದ ಒಂದು ಸಣ್ಣ ಪಾಲು ವಸತಿ ವಂತಿಗೆಯಾಗಿ ಸಂಗ್ರಹವಾಗುತ್ತದೆ. ಅರ್ಧ ನೌಕರರದು, ಅರ್ಧ ಮಾಲೀಕರದು. 1984ರಲ್ಲಿ ಹುಟ್ಟಿದ ನಗರದ ವಸತಿ ನಿಧಿ ಜಮೀನು ಕೊಂಡಿಟ್ಟುಕೊಳ್ಳುತ್ತದೆ. ದೊಡ್ಡ ಯೋಜನೆಗಳಿಗೆ 1995ರಿಂದ ನಿರ್ಮಾಣಗಾರರು ಸ್ಪರ್ಧಿಸಬೇಕು. ವಿನ್ಯಾಸ, ವೆಚ್ಚ, ಪರಿಸರ, ನೆರೆಹೊರೆಯ ಬದುಕು ಎಲ್ಲವನ್ನೂ ತೂಗಿ ಆಯ್ಕೆ.

ಆದಾಯದ ಮಿತಿ ಎಷ್ಟು ಸಡಿಲವೆಂದರೆ ನಾಲ್ಕರಲ್ಲಿ ಮೂರು ಪಾಲು ಕುಟುಂಬಗಳಿಗೆ ಈ ಮನೆಗಳ ಅರ್ಹತೆಯಿದೆ. ಮುಂದೆ ಸಂಬಳ ಏರಿದರೂ ಮನೆ ಬಿಡಬೇಕಿಲ್ಲ. ಉಳ್ಳವರಿಗೆ ಅಗ್ಗದ ಬಾಡಿಗೆ ಏಕೆ ಎಂಬ ಆಕ್ಷೇಪ ಅಲ್ಲೂ ಉಂಟು. ಆದರೆ ಬಸ್ ಚಾಲಕರೂ ಮೇಷ್ಟರೂ ಒಂದೇ ಮೆಟ್ಟಿಲು ಹತ್ತುವಾಗ ‘ಬಡವರ ಕೇರಿ’ ಎಂಬ ಹಣೆಪಟ್ಟಿ ಅಂಟುವುದಿಲ್ಲ.

ಎಲ್ಲವೂ ಸುಸೂತ್ರವೆಂದಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದು ನೆಲೆಸಿದವರಿಗೆ ನಗರದ ಮನೆಗಳು ಸಾಮಾನ್ಯವಾಗಿ ತೆರೆದದ್ದು 2006ರಲ್ಲಷ್ಟೇ. ಈಗಲೂ ಅರ್ಜಿ ಹಾಕಲು ಊರಿನಲ್ಲಿ ಎರಡು ವರ್ಷ ವಾಸವಿರಬೇಕು; ನಿನ್ನೆ ಮೊನ್ನೆ ಬಂದವರು ದುಬಾರಿ ಖಾಸಗಿ ಬಾಡಿಗೆಗೇ ಬೀಳುತ್ತಾರೆ. ಹಳೆಯ ಕಟ್ಟಡಗಳ ದುರಸ್ತಿಯೂ ದೊಡ್ಡ ಖರ್ಚಿನ ಬಾಬತ್ತು.

ಹೋಲಿಕೆಗೆ ಜರ್ಮನಿಯ ಬರ್ಲಿನ್ ನೋಡಿ: 2004ರಲ್ಲಿ ಅದು ತನ್ನ ಒಂದು ವಸತಿ ಕಂಪನಿಯ ಸುಮಾರು 65 ಸಾವಿರ ಮನೆಗಳನ್ನು ಖಾಸಗಿಯವರಿಗೆ ಮಾರಿತು. 2021ರ ಜನಮತದಲ್ಲಿ ಅಲ್ಲಿನ ಬಹುಮತ, ದೊಡ್ಡ ವಸತಿ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂದಿತು. ವಿಯೆನ್ನಾ ಮಾರಾಟದ ಹಾದಿ ಹಿಡಿಯಲಿಲ್ಲ. ಅರ್ಧ ಊರೇ ಬಾಡಿಗೆದಾರರಾಗಿರುವಲ್ಲಿ ಈ ಮನೆಗಳನ್ನು ಮಾರುತ್ತೇವೆಂದು ಹೇಳಿ ಚುನಾವಣೆ ಗೆಲ್ಲುವುದು ಯಾವ ಪಕ್ಷಕ್ಕೂ ಸುಲಭವಲ್ಲ.